ಕಾಲರಾ ತಡೆಯಲು ಪಂಪಿಗೆ ಡೀಸೆಲ್ಲೂ ಬೇಕು

ಯುದ್ಧ ನಡೆದ ದೇಶಕ್ಕೆ ನೆರವು ಅಂದರೆ ಟಿವಿಯಲ್ಲಿ ಕಾಣುವುದು ವಿಮಾನದಿಂದ ಇಳಿಯುವ ಔಷಧಿ ಪೆಟ್ಟಿಗೆ, ಬಿಳಿ ಟೆಂಟು. ಅವೂ ಬೇಕು. ಆದರೆ ನೀರು, ಚರಂಡಿ, ಅಲ್ಲಿನ ನರ್ಸುಗಳ ಸಂಬಳಕ್ಕೆ ದುಡ್ಡು ಕೊಡಲು ಎಲ್ಲರೂ ಹಿಂದೇಟು ಹಾಕುತ್ತಾರೆ.

ಯೆಮೆನ್ ನೋಡಿ. 2016ರಲ್ಲಿ ಯುದ್ಧದ ನಡುವೆ ಸರ್ಕಾರಿ ಆಸ್ಪತ್ರೆಯವರ ಸಂಬಳ ನಿಂತಿತು, ಅದೇ ಅಕ್ಟೋಬರ್‌ನಲ್ಲಿ ಕಾಲರಾ ಶುರುವಾಯಿತು. 2017ರ ಏಪ್ರಿಲ್‌ನಲ್ಲಿ ರಾಜಧಾನಿ ಸನಾದ ಒಳಚರಂಡಿ ವ್ಯವಸ್ಥೆ ಕೆಟ್ಟು ನಿಂತಿತು, ಮೇಲೆ ಮಳೆ ಬಂತು, ತಿಂಗಳ ಕೊನೆಗೆ ಕಾಲರಾ ಮತ್ತೆ ಜೋರಾಯಿತು. ಆ ವರ್ಷ ಮುಗಿಯುವಷ್ಟರಲ್ಲಿ ಕಾಲರಾ ಶಂಕಿತರು 10 ಲಕ್ಷ ದಾಟಿದ್ದರು. ಲಸಿಕೆ ಹಾಕಲು ಶುರು ಮಾಡಿದ್ದು 2018ರ ಮೇ ತಿಂಗಳಲ್ಲಿ! ನನಗೆ ಸಿಟ್ಟು ಬರುವುದು ಇಲ್ಲೇ.

2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಕುಸಿದಾಗ ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ಇದ್ದರು. ಅದನ್ನು ಯುದ್ಧಕ್ಕೆ ಹೋಲಿಸುತ್ತಿಲ್ಲ. ನಮಗೆ ಸರ್ಕಾರ ಇತ್ತು, ಆಶಾ ಕಾರ್ಯಕರ್ತೆಯರು ಇದ್ದರು, ಅಕ್ಕಪಕ್ಕದ ಜಿಲ್ಲೆಗಳಿಂದ ಸಾಮಾನು ಬಂತು, ಯಾರೂ ನಮ್ಮ ಆಸ್ಪತ್ರೆ ಮೇಲೆ ಬಾಂಬ್ ಹಾಕಲಿಲ್ಲ. ಇವ್ಯಾವುದೂ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಯೆಮೆನ್ ಅಷ್ಟು ದೂರ ಅನ್ನಿಸುವುದಿಲ್ಲ, ಅಲ್ವಾ?

ಚಿಕಿತ್ಸೆ ದುಬಾರಿಯೂ ಅಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದಿಂದ ಓಡಿಬಂದವರಲ್ಲಿ ಕಾಲರಾ ಹಬ್ಬಿತ್ತು. ಬಂಗಾಳದ ಬನಗಾಂವ್‌ನಲ್ಲಿ ಸಲೈನ್ ಸಾಲದೆ ಹೋದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾವನ್ನು ನೀರಿಗೆ ಬೆರೆಸಿ ಡ್ರಮ್ಮುಗಳಲ್ಲಿ ಇಟ್ಟು, ರೋಗಿಯ ಮನೆಯವರೇ ಕುಡಿಸಿ ಅಂದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಇವತ್ತು ನಮ್ಮ ತೋಟದ ಕಾರ್ಮಿಕರ ಲೈನ್ ಮನೆಗಳಿಗೂ ತಲುಪುವ ಓಆರ್‌ಎಸ್ ಪೊಟ್ಟಣದಲ್ಲಿ ಇರುವುದು ಹೆಚ್ಚೂ ಕಡಿಮೆ ಅದೇ.

ಹಾಗಿದ್ದೂ 1994ರಲ್ಲಿ ರುವಾಂಡಾದಿಂದ ಓಡಿದ ಜನ ಕಾಂಗೋದ ಗೋಮಾ ಸೇರಿದಾಗ, ಕಾಲರಾ ಮತ್ತು ರಕ್ತಭೇದಿಯಿಂದ ಒಂದು ತಿಂಗಳಲ್ಲಿ ಸುಮಾರು 50,000 ಮಂದಿ ಸತ್ತರು. ಓಆರ್‌ಎಸ್ ಗೊತ್ತಿತ್ತು. ಆದರೆ ನೆಲವೆಲ್ಲ ಜ್ವಾಲಾಮುಖಿಯ ಗಟ್ಟಿ ಕಲ್ಲು, ಕಕ್ಕಸು ಗುಂಡಿ ತೋಡಲು ಆಗಲಿಲ್ಲ, ಜನ ಕಿವು ಸರೋವರದ ನೀರನ್ನು ಹಾಗೇ ಕುಡಿದರು. ಅಷ್ಟು ಜನಕ್ಕೆ ಶುದ್ಧ ನೀರು ಬರುವ ಹೊತ್ತಿಗೆ ತಡವಾಗಿತ್ತು.

ಯೆಮೆನ್‌ನಲ್ಲಿ ಯುನಿಸೆಫ್ ನೀರಿನ ಪಂಪುಗಳಿಗೆ ಡೀಸೆಲ್ ಕೊಟ್ಟಿದೆ. ಫೋಟೋದಲ್ಲಿ ಚೆಂದ ಕಾಣುವ ಕೆಲಸ ಅಲ್ಲ ಇದು, ಆದರೂ ನನ್ನ ಪ್ರಕಾರ ಇದೇ ಮೊದಲ ಕೆಲಸ. ನೀವು ಯಾವ ಸಂಸ್ಥೆಗೆ ದುಡ್ಡು ಕೊಡುವುದಾದರೂ ಎರಡು ಪ್ರಶ್ನೆ ಕೇಳಿ. ನೀರಿಗೆ ಎಷ್ಟು ಇಟ್ಟಿದ್ದೀರಿ? ಅಲ್ಲಿನ ನರ್ಸುಗಳಿಗೆ ಸಂಬಳ ಯಾರು ಕೊಡುತ್ತಾರೆ?