ಫೋಟೊ ನೋಡಿ ಮಾಡಿದರೆ ಸಾಲದೇ?

ಮಣ್ಣಿನಲ್ಲಿ ಮನುಷ್ಯನ ಆಕೃತಿ ಕಲಿಯಬೇಕೆನ್ನುವವರು ಮೊದಲು ಕೇಳುವುದು ಇದನ್ನೇ: ಮೊಬೈಲಿನಲ್ಲಿ ಬೇಕಾದಷ್ಟು ಫೋಟೊ ಇರುವಾಗ ಎದುರಿಗೊಬ್ಬರು ತಾಸುಗಟ್ಟಲೆ ಯಾಕೆ ನಿಲ್ಲಬೇಕು?

ಫೋಟೊ ಸಾಲದು. ಅದರಲ್ಲಿ ಸಿಗುವುದು ಒಂದು ಕಡೆಯ ಅಂಚು ಮಾತ್ರ. ಮೈಭಾರ ಎಲ್ಲಿ ಕೂತಿದೆ ಎಂಬುದು ಸುತ್ತ ತಿರುಗಿ ನೋಡಿದವರಿಗಷ್ಟೇ ತಿಳಿಯುತ್ತದೆ. ಬೆಳಗಾವಿ ಸೀಮೆಯಲ್ಲಿ ಗರಡಿಮನೆಗಳಿವೆ. ಲಂಗೋಟಿಯಲ್ಲಿ ನಿಂತ ಪೈಲ್ವಾನನಿಗಿಂತ ಒಳ್ಳೆಯ ಮಾಡೆಲ್ ಬೇಕೇ? ಬಲಗಾಲ ಮೇಲೆ ಭಾರ ಹಾಕಿ ನಿಲ್ಲಲು ಹೇಳಿ. ಬಲ ಸೊಂಟ ಏರುತ್ತದೆ, ಬಲ ಭುಜ ಇಳಿಯುತ್ತದೆ, ಎಡ ಮೊಣಕಾಲು ಸಡಿಲಾಗುತ್ತದೆ. ಗಂಟಲ ಕುಳಿಯ ನೇರಕ್ಕೆ ಗೌಂಡಿಗಳ ತೂಗುಗುಂಡು ಹಿಡಿದರೆ ದಾರ ಬಲಪಾದದ ಒಳಗಿಣ್ಣಿನ ಹತ್ತಿರ ಬರುತ್ತದೆ. ನಿಮ್ಮ ಮಣ್ಣಿನಲ್ಲಿ ಅದು ಎರಡೂ ಕಾಲಿನ ನಡುವೆ ಬಿದ್ದರೆ, ಎಷ್ಟು ತೀಡಿದರೂ ಆಕೃತಿ ವಾಲಿದಂತೆಯೇ ಕಾಣುತ್ತದೆ. ಬಾದಾಮಿಯ ಮೂರನೇ ಗುಹೆಯಲ್ಲಿ (ಕ್ರಿ.ಶ. 578) ಕಂಬದ ಮೇಲಿನ ಜೋಡಿಗಳ ಸೊಂಟ ನೋಡಿ ಬನ್ನಿ. ಹಾಗಂತ ನವತಾಲದ ಲೆಕ್ಕವನ್ನು (ಮೈಯೆತ್ತರ ಒಂಬತ್ತು ಮುಖದಷ್ಟು ಎನ್ನುವ ಶಿಲ್ಪಶಾಸ್ತ್ರದ ಅಳತೆ) ಪೈಲ್ವಾನನ ಮೇಲೆ ಹೇರಬೇಡಿ, ಅದು ದೇವರ ಅಳತೆ. ಮನುಷ್ಯ ಸುಮಾರು 7.5 ತಲೆ ಎತ್ತರ. ಎದುರಿಗಿದ್ದವರನ್ನು ಅಳೆದೇ ನಂಬಿ.

ಮಣ್ಣನ್ನು ಎತ್ತಿ ಹಿಡಿಯಲು ಒಳಗೊಂದು ಆಸರೆ ಬೇಕು. 45 ಸೆಂ.ಮೀ. ಆಕೃತಿಗೆ ದಪ್ಪ ಪ್ಲೈವುಡ್ ಹಲಗೆ, ಅದಕ್ಕೆ ಬಿಗಿದ ಕಬ್ಬಿಣದ ಪೈಪು ಬೇಕು. ಪೈಪು ಬೆನ್ನ ಹಿಂದಿನಿಂದ ಸೊಂಟದೊಳಗೆ ಬರಲಿ. ಕೈಕಾಲಿಗೆ 4 ಮಿ.ಮೀ. ಅಲ್ಯೂಮಿನಿಯಂ ತಂತಿಯನ್ನು ಎರಡೆಳೆ ಹೊಸೆಯಿರಿ. ಕೆಲಸ ಕೆಡುವುದು ಇಲ್ಲೇ. ತಂತಿಯನ್ನು ಭಂಗಿಗೆ ಸರಿಯಾಗಿ ಬಾಗಿಸದೆ ಅವಸರದಲ್ಲಿ ಮಣ್ಣು ಹಚ್ಚಿದರೆ ಮೊಣಕಾಲಿನಲ್ಲಿ ತಂತಿ ಇಣುಕುತ್ತದೆ, ಆಮೇಲೆ ಏನೂ ಮಾಡಲಾಗದು. ಎದೆಯ ಮಣ್ಣು ಜಾರದಂತೆ ಎರಡು ಕಟ್ಟಿಗೆ ಚೂರನ್ನು ಅಡ್ಡಡ್ಡ ಕಟ್ಟಿ ಒಳಗೆ ತೂಗುಬಿಡಿ.

20 ನಿಮಿಷ ನಿಂತರೆ 5 ನಿಮಿಷ ವಿಶ್ರಾಂತಿ. ಪಾದದ ಸುತ್ತ ಸೀಮೆಸುಣ್ಣದ ಗೆರೆ ಇರಲಿ. ಪ್ರತಿ ಸಲ ಮಾಡೆಲ್ಲನ್ನೂ ಹಲಗೆಯನ್ನೂ 45 ಡಿಗ್ರಿ ತಿರುಗಿಸಿ. ಮುಂಭಾಗವನ್ನೇ ತೀಡುತ್ತ ಕೂತರೆ ಪಕ್ಕದಿಂದ ನೋಡಿದಾಗ ರೊಟ್ಟಿ! ಮುಖ, ಬೆರಳು ಎಲ್ಲ ಕೊನೆಗೆ.

ಗಣಪತಿಗೆ ಬಳಸುವ ಶಾಡು ಮಣ್ಣು ಸುಲಭವಾಗಿ ಸಿಗುತ್ತದೆ, ಆದರೆ ಬೇಗ ಒಣಗುತ್ತದೆ. ಕುಂಬಾರರ ಜಿಗುಟು ಮಣ್ಣು ಇದಕ್ಕೆ ಮೇಲು. ವಿಜಯಪುರದ ಬೇಸಿಗೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಸುತ್ತದಿದ್ದರೆ ಬೆಳಗಾಗುವುದರೊಳಗೆ ಬಿರುಕು: ಮಣ್ಣು ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ. ಇದೇ ಕಾರಣಕ್ಕೆ ಇದನ್ನು ಸುಡುವ ಹಾಗಿಲ್ಲ. ಹಸಿ ಇರುವಾಗಲೇ ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ಮಣ್ಣನ್ನು ಮತ್ತೆ ಬಕೀಟಿಗೆ ಹಾಕಿ.