ತಾತ ತಟ್ಟಿ ನೋಡಿದ ಗೋಡೆ

ನಾನು ಮಹಾರಾಜ ಕಾಲೇಜಿಗೆ ಸೇರಿದ್ದು 1988ರಲ್ಲಿ. ಸೇರಿಸೋಕೆ ಬಂದದ್ದು ಅಪ್ಪ ಅಲ್ಲ, ತಾತ. ಅವತ್ತು ನಮ್ಮ ಕಬ್ಬಿಗೆ ನೀರಿನ ಸರದಿ ಇತ್ತು, ಅಪ್ಪ ಗದ್ದೆ ಬಿಟ್ಟು ಬರುವ ಹಾಗಿರಲಿಲ್ಲ. ಪಾಂಡವಪುರ ಸ್ಟೇಷನ್ನಿನಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿದೆವು. ಪಾಂಡವಪುರ ಅನ್ನೋ ಹೆಸರು ತಾತನ ಬಾಯಲ್ಲಿ ಕೊನೆವರೆಗೂ ಬರಲಿಲ್ಲ, ಅವನಿಗೆ ಅದು ಹಿರೋಡೆಯೇ. ಆಗಿನ್ನೂ ಮೀಟರ್ ಗೇಜ್ ಕಾಲ. ಶ್ರೀರಂಗಪಟ್ಟಣದ ಹತ್ತಿರ ಹೊಳೆ ದಾಟುವಾಗ ತಾತ ಎದ್ದು ನಿಂತು ಕೈಮುಗಿದ. ಮೈಸೂರಿನಲ್ಲಿ ಇಳಿದು ಮೆಟ್ರೋಪೋಲ್ ಸರ್ಕಲ್ ದಾಟಿ, ಜೆಎಲ್‌ಬಿ ರಸ್ತೆಯಲ್ಲಿ ನಡೆದೇ ಹೋದೆವು. ಆಟೋಗೆ ಕೊಡುವ ದುಡ್ಡಲ್ಲಿ ಇಬ್ಬರ ತಿಂಡಿ ಆಗುತ್ತಿತ್ತು.

ಫೀಸ್ ಕಟ್ಟಿ ತಿರುಗಿ ನೋಡಿದರೆ ತಾತ ಇಲ್ಲ. ಹುಡುಕಿಕೊಂಡು ಹೋದೆ. ಕಟ್ಟಡದ ಪಕ್ಕದಲ್ಲಿ ಗೋಡೆಗೆ ಕಿವಿ ಕೊಟ್ಟು, ಬೆರಳ ಗೆಣ್ಣಿನಿಂದ ತಟ್ಟುತ್ತಾ ನಿಂತಿದ್ದಾನೆ. ತಲೆಗೆ ಟವಲ್ಲು, ಮೊಣಕಾಲವರೆಗೆ ಎತ್ತಿ ಕಟ್ಟಿದ ಪಂಚೆ. ನಾಲ್ಕೈದು ಹುಡುಗರು ನೋಡಿ ನಗುತ್ತಿದ್ದರು. ನನಗೋ ನೆಲ ಬಾಯಿಬಿಟ್ಟು ನುಂಗಬಾರದಾ ಅನ್ನಿಸಿತು.

"ನಡಿ ತಾತ, ಹೋಗಾಣ" ಅಂದೆ.

"ತಡಿಯೋ ಮಗ. ಇದು ಸಿಮೆಂಟಲ್ಲ ಕಣ್ಲಾ. ಗಾಣದಲ್ಲಿ ಅರೆದ ಗಾರೆ. ಕೇಳು, ಗೋಡೆ ಎಲ್ಲೂ ಪೊಳ್ಳಿಲ್ಲ" ಅಂದ.

ತಾತ ಗಾರೆ ಕೆಲಸದವನು. ಅವನಪ್ಪ ಕನ್ನಂಬಾಡಿ ಕಟ್ಟೆ ಕಟ್ಟುವಾಗ ಕೂಲಿಗೆ ಹೋದವನು. ಆ ಕಟ್ಟೆಯನ್ನು ಸಿಮೆಂಟ್ ಇಲ್ಲದೆ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲೇ ಕಟ್ಟಿದರು. 1911ರಲ್ಲಿ ಶುರುವಾದ ಕೆಲಸ, ಮುಗಿಯೋಕೆ ಇಪ್ಪತ್ತು ವರ್ಷ ಹಿಡಿಯಿತು. ಹಾಗಾಗಿ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಗಾರೆ ಮಾತೇ. ಸುಣ್ಣದ ಕಲ್ಲು ಸುಡಬೇಕು, ನೀರು ಹಾಕಿ ಅರಳಿಸಬೇಕು, ತೊಟ್ಟಿಯಲ್ಲಿ ದಿನಗಟ್ಟಲೆ ನೆನೆಸಬೇಕು. ಆಮೇಲೆ ಎತ್ತು ಕಟ್ಟಿದ ಗಾಣದಲ್ಲಿ ಬೆಣ್ಣೆ ಹಾಗೆ ಆಗುವವರೆಗೆ ಅರೆಯಬೇಕು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸಬೇಕು. ತಾರಸಿ ಆದರೆ ಹೆಂಗಸರು ಸಾಲಾಗಿ ಕೂತು, ಹಾಡು ಹೇಳಿಕೊಂಡು, ಕೊಡತಿಯಲ್ಲಿ ಬಡಿಯಬೇಕು. ಅವಸರದವರ ಕೆಲಸ ಅಲ್ಲ ಅದು. ನನ್ನ ಕಿವಿಗೆ ಆಗ ಇದೆಲ್ಲ ಹಳೇ ಪುರಾಣ. ನನಗೆ ಬಿ.ಎ. ಓದಿ ಪ್ಯಾಂಟಿಗೆ ಇಸ್ತ್ರಿ ಹಾಕಿಕೊಂಡು ಓಡಾಡಬೇಕಿತ್ತು, ಅಷ್ಟೇ.

ಕಾಲೇಜಿನ ಇತಿಹಾಸವನ್ನು ನಮ್ಮ ಮೇಷ್ಟ್ರುಗಳು ಪಾಠದ ನಡುನಡುವೆ ಉಣಿಸುತ್ತಿದ್ದರು. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಶುರುಮಾಡಿದ ಶಾಲೆಯೇ ಇದರ ಬೇರು. 1916ರ ಜುಲೈ 27ಕ್ಕೆ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದರ ಕೈಯಲ್ಲಿ ಇದ್ದದ್ದು ಎರಡೇ ಕಾಲೇಜು. ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜು, ಇಲ್ಲಿ ನಮ್ಮದು. ಕನ್ನಡ ಎಂ.ಎ. 1927ರಲ್ಲಿ ಶುರುವಾದದ್ದು ಇಲ್ಲೇ, ಕುವೆಂಪು ಆ ಮೊದಲ ತಂಡದಲ್ಲಿದ್ದವರು. ರಾಧಾಕೃಷ್ಣನ್ 1918ರಿಂದ ಮೂರು ವರ್ಷ ತತ್ವಶಾಸ್ತ್ರ ಹೇಳಿಕೊಟ್ಟು ಕಲ್ಕತ್ತಾಗೆ ಹೊರಟಾಗ, ಹುಡುಗರು ಹೂವಿನಿಂದ ಸಿಂಗರಿಸಿದ ಗಾಡಿಯಲ್ಲಿ ಅವರನ್ನು ಕೂರಿಸಿ ತಾವೇ ಸ್ಟೇಷನ್ನಿನವರೆಗೂ ಎಳೆದರು. ಈ ಕತೆ ಕೇಳಿದ ಮೇಲೆ ಸಂಜೆ ಸ್ಟೇಷನ್ನಿಗೆ ನಡೆಯುವಾಗ ನಮಗೆ ಒಂಥರಾ ಜಂಬ. ನಮ್ಮನ್ನು ಎಳೆಯೋಕೆ ಯಾರೂ ಇರಲಿಲ್ಲ ಬಿಡಿ. ರೈಲು ತಪ್ಪಿಸಿಕೊಳ್ಳಬಾರದು ಅಂತ ನಾವೇ ಓಡುತ್ತಿದ್ದೆವು.

ಪಕ್ಕದಲ್ಲೇ ಓರಿಯಂಟಲ್ ಲೈಬ್ರರಿ. ಈಗ ಪ್ರಾಚ್ಯವಿದ್ಯಾ ಸಂಶೋಧನಾಲಯ ಅನ್ನುತ್ತಾರೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಅಲ್ಲಿನ ವಿದ್ವಾಂಸ ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ಸಿಕ್ಕಿದ್ದು ಇಲ್ಲಿ, 1909ರಲ್ಲಿ ಅದು ಅಚ್ಚಾಯಿತು. ನಾನು ಒಂದೇ ಸಲ ಒಳಗೆ ಹೋಗಿದ್ದು. ಓಲೆಗರಿಗೆ ಹಚ್ಚುವ ಎಣ್ಣೆಯ ವಾಸನೆ ಮೂಗಿಗೆ ಬಂತು, ಆ ವಾಸನೆ ಇವತ್ತಿಗೂ ಮರೆತಿಲ್ಲ.

ಆದರೆ ನನಗೆ ಕಾಲೇಜು ಅಂದರೆ ಜೂನಿಯರ್ ಬಿ.ಎ. ಹಾಲ್. ಮೇಷ್ಟ್ರು ಮೈಕ್ ಇಲ್ಲದೆ ಮಾತಾಡಿದರೂ ಹಿಂದಿನ ಬೆಂಚಿನ ನಮಗೆ ಕೇಳುತ್ತಿತ್ತು. ನಾವು ಹಿಂದೆ ಪಿಸುಗುಟ್ಟಿದ್ದು ಅವರಿಗೂ ಕೇಳುತ್ತಿತ್ತು, ಅದೇ ಕಷ್ಟ. ಏಪ್ರಿಲ್ ಬಿಸಿಲಲ್ಲಿ ಹೊರಗಿಂದ ಬಂದು ಕೂತರೆ ತೋಟದ ಬಾವಿಯ ಪಕ್ಕ ಕೂತ ಹಾಗೆ ತಂಪು. ದಪ್ಪ ಗೋಡೆ, ಎತ್ತರದ ಸೂರು, ಮೇಲೆ ಗಾಳಿಗೆ ಕಿಂಡಿ. ಕರೆಂಟು ಹೋದದ್ದು ಗೊತ್ತೇ ಆಗುತ್ತಿರಲಿಲ್ಲ.

ಆಮೇಲೆ ನಾನೂ ಮೇಷ್ಟ್ರಾದೆ. ಬೇರೆ ಜಿಲ್ಲೆಯ ಒಂದು ಕಾಲೇಜು, ಹೆಸರು ಬೇಡ. ಅದೂ ಹಳೆ ಕಟ್ಟಡ, ಊರ ನಡುವೆ. ಒಂದು ಮಳೆಗಾಲ ತಾರಸಿ ಸೋರಿತು. ರಿಪೇರಿಗೆ ಬಂದವರು ಮೇಲೆ ಎರಡಿಂಚು ಸಿಮೆಂಟ್ ಬಳಿದರು, ಗೋಡೆಗೂ ಸಿಮೆಂಟ್ ಪ್ಲಾಸ್ಟರ್ ಮೆತ್ತಿ ಪೇಂಟ್ ಹೊಡೆದರು. ನೋಡೋಕೆ ಚೆನ್ನಾಗೇ ಇತ್ತು. ಉದ್ಘಾಟನೆಯ ದಿನ ನಾನೇ ಸ್ವಾಗತ ಭಾಷಣ ಮಾಡಿದೆ! ಮೂರನೇ ಮಳೆಗಾಲಕ್ಕೆ ಗೋಡೆ ಹೊಟ್ಟೆ ಬಿಟ್ಟಿತು. ಹಪ್ಪಳದ ಹಾಗೆ ಪ್ಲಾಸ್ಟರ್ ಎದ್ದಿತು. ಕೈಯಿಟ್ಟರೆ ಒಳಗಿನ ಹಳೆ ಗಾರೆ ಒದ್ದೆ ಹಿಟ್ಟಾಗಿ ಉದುರುತ್ತಿತ್ತು. ಸುಣ್ಣದ ಗೋಡೆ ನೀರು ಕುಡಿಯುತ್ತೆ, ಬಿಸಿಲು ಬಂದಾಗ ಬಿಟ್ಟುಬಿಡುತ್ತೆ. ಸಿಮೆಂಟ್ ಹೊದಿಸಿದರೆ ಕುಡಿದ ನೀರು ಒಳಗೇ ಉಳಿಯಿತು. ತಾತ ಬದುಕಿದ್ದಿದ್ದರೆ ಸಿಮೆಂಟ್ ಕಲಸುವ ಮೊದಲೇ ಹೇಳುತ್ತಿದ್ದ. ಕೋಣೆಗಳಿಗೆ ಬೀಗ ಬಿತ್ತು, ನಾವು ಶೀಟಿನ ಶೆಡ್ಡಿಗೆ ಹೋದೆವು. ಬೀಗ ಬಿದ್ದ ಮೇಲೆ ಅತ್ತ ತಲೆ ಹಾಕಿದವರಿಲ್ಲ. ಸಂದಿಯಲ್ಲಿ ಅಶ್ವತ್ಥದ ಗಿಡ ಹುಟ್ಟಿತು. ಮೊದಲ ವರ್ಷ ಬೆರಳಲ್ಲಿ ಕೀಳುವಷ್ಟು ಇತ್ತು. ಐದನೇ ವರ್ಷ ಅದರ ಬೇರಿಗೆ ಗೋಡೆಯೇ ಬಿರಿಯಿತು.

ಮೈಸೂರಿಗೆ ಇದು ಹೊಸದಲ್ಲ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ತುದಿ ಬಿತ್ತು. 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆ ಕಟ್ಟಡದ ಒಂದು ಭಾಗವೂ ಹೋಯಿತು. ತಿಂಗಳು ನೋಡಿ, ಎಲ್ಲ ಮಳೆಗಾಲದ್ದೇ. ಪ್ರತಿ ಸಲವೂ ಊರಲ್ಲಿ ಎರಡು ಪಂಗಡ. ಒಬ್ಬರು ಕೆಡವಿ ಹೊಸದು ಕಟ್ಟಿ ಅಂತಾರೆ. ಇನ್ನೊಬ್ಬರು ಪಾರಂಪರಿಕ ಕಟ್ಟಡ, ಮುಟ್ಟಬೇಡಿ ಅಂತಾರೆ.

ನಾನು ಎರಡಕ್ಕೂ ಸೇರಿದವನಲ್ಲ. ಮುಟ್ಟದೇ ಇದ್ದದ್ದಕ್ಕೇ ಅಲ್ವಾ ಅವು ಬಿದ್ದದ್ದು? ಹಾಗಂತ ಹಳೇದೆಲ್ಲ ಚಿನ್ನ ಅಂತಲೂ ಹೇಳಲ್ಲ. ನೂರು ವರ್ಷದ ಹಿಂದೆ ಕಟ್ಟಿದವರ ಲೆಕ್ಕದಲ್ಲಿ ಇಷ್ಟೊಂದು ಹುಡುಗಿಯರು ಇರಲಿಲ್ಲ, ಗಾಲಿಕುರ್ಚಿ ಇರಲಿಲ್ಲ, ಲ್ಯಾಪ್‌ಟಾಪಿಗೆ ಪ್ಲಗ್ ಪಾಯಿಂಟ್ ಇರಲಿಲ್ಲ. ಇವೆಲ್ಲ ಬೇಕೇ ಬೇಕು. ಹಿಂದಿನ ಖಾಲಿ ಜಾಗದಲ್ಲಿ ಹೊಸ ಬ್ಲಾಕ್ ಕಟ್ಟಲಿ, ಲಿಫ್ಟು ಶೌಚಾಲಯ ಎಲ್ಲ ಅಲ್ಲಿರಲಿ. ಹಳೆಯದಕ್ಕೆ ಸುಣ್ಣದ ಗಾರೆಯಲ್ಲೇ ರಿಪೇರಿ ಆಗಲಿ. ಅದು ಆಗದ ಕೆಲಸವೇನಲ್ಲ. ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿರುವ ಹಳೆ ಅರಮನೆ ಜಯಲಕ್ಷ್ಮೀ ವಿಲಾಸವನ್ನು ಹಿಂದೆ ಒಮ್ಮೆ ದುರಸ್ತಿ ಮಾಡಿ ಜಾನಪದ ವಸ್ತುಸಂಗ್ರಹಾಲಯ ಉಳಿಸಿಕೊಂಡಿದ್ದನ್ನು ನಾವೇ ನೋಡಿದ್ದೇವೆ.

ನನ್ನ ಹಟ ಇರೋದು ಇನ್ನೊಂದು ವಿಷಯದಲ್ಲಿ. ರಿಪೇರಿ ಮುಗಿದ ಮೇಲೆ ಹಳೆ ಕಾಲೇಜು ಕಟ್ಟಡದಲ್ಲಿ ಪಾಠವೇ ನಡೀಬೇಕು. ಕುವೆಂಪು ಹೆಸರಿಟ್ಟ ಮಾನಸಗಂಗೋತ್ರಿಗೆ 1960ರಲ್ಲಿ ಸ್ನಾತಕೋತ್ತರ ವಿಭಾಗಗಳು ಹೊರಟವು. ಆದರೂ ಬಿ.ಎ. ಹುಡುಗರು ಊರ ನಡುವೆಯೇ ಉಳಿದರು. ಅದು ದೊಡ್ಡ ಪುಣ್ಯ ಅಂತ ನನಗನ್ನಿಸುತ್ತೆ. ಇಂಥ ಕಟ್ಟಡ ಚೆಂದ ಮಾಡಿದ ಕೂಡಲೇ ಯಾರೋ ಒಬ್ಬರು ಬಂದು ಮ್ಯೂಸಿಯಂ ಮಾಡೋಣ, ಕೆಫೆ ಮಾಡೋಣ, ಮದುವೆಗೆ ಬಾಡಿಗೆಗೆ ಕೊಡೋಣ ಅಂತಾರೆ. ಮ್ಯೂಸಿಯಂ ಒಂದಿದ್ದರೆ ಸಾಲದಾ? ಅರವತ್ತು ಹುಡುಗರು ದಿನಾ ಕೂರುವ ಕೋಣೆಯಲ್ಲಿ ಒಂದು ಹನಿ ಸೋರಿದರೂ ಅವತ್ತೇ ಗಲಾಟೆ ಆಗುತ್ತೆ, "ಸಾರ್, ನೋಟ್ಸ್ ಒದ್ದೆ ಆಯ್ತು" ಅಂತ. ಬೀಗ ಹಾಕಿದ ಕೋಣೆಯಲ್ಲಿ ಐದು ವರ್ಷ ಸೋರಿದರೂ ಕೇಳೋರಿಲ್ಲ. ಇನ್ನೊಂದು ಮಾತೂ ಇದೆ. ಪಾಂಡವಪುರದಿಂದ, ನಂಜನಗೂಡಿಂದ ರೈಲಿನಲ್ಲಿ ಬರುವ ಹುಡುಗರಿಗೆ ಸ್ಟೇಷನ್ನಿಂದ ನಡೆದು ಹೋಗುವಷ್ಟು ಹತ್ತಿರ ಇರುವ ಕಾಲೇಜು ನಮ್ಮ ಮಹಾರಾಜ ಕಾಲೇಜು. ರಿಂಗ್ ರೋಡಿನ ಆಚೆ ಎಷ್ಟೇ ಒಳ್ಳೆ ಕಟ್ಟಡ ಕಟ್ಟಿದರೂ ಆ ಹುಡುಗರಿಗೆ ದಿನಾ ಎರಡು ಬಸ್ಸು, ಎರಡು ಟಿಕೆಟ್ಟು ಜಾಸ್ತಿ.

ಈ ಸಲ ಮೈಸೂರಿಗೆ ಬಂದಾಗ ಸುಮ್ನೆ ಕಾಲೇಜಿನ ಕಡೆ ಹೋದೆ. ತಾತ ನಿಂತಿದ್ದ ಜಾಗ ಅಂದಾಜಿನಲ್ಲಿ ಹುಡುಕಿ ನಾನೂ ಗೋಡೆ ತಟ್ಟಿದೆ. ಗಟ್ಟಿಯೋ ಪೊಳ್ಳೋ ನನಗೇನು ಗೊತ್ತಾಗುತ್ತೆ, ನಾನು ಬಿ.ಎ. ಓದಿದವನು. ಮೆಟ್ಟಿಲ ಮೇಲೆ ಕೂತಿದ್ದ ಹುಡುಗರು ನನ್ನನ್ನೂ ನೋಡಿ ನಕ್ಕರು.

ತಾತನ ಕರಣೆ ಊರಿನ ಮನೆಯ ಅಟ್ಟದಲ್ಲಿದೆ. ಕಾಲೇಜಿನಲ್ಲಿ ಯಾವತ್ತಾದರೂ ಗಾರೆ ಕೆಲಸ ಶುರುವಾದರೆ ಒಂದು ಫೋನ್ ಮಾಡಿ, ತಂದುಕೊಡುತ್ತೇನೆ. ಅಲಗು ಇನ್ನೂ ಚೆನ್ನಾಗಿದೆ, ಹಿಡಿ ಮಾತ್ರ ಸ್ವಲ್ಪ ಅಲ್ಲಾಡುತ್ತೆ.