ಜೇಡಿಮಣ್ಣಿನ ಜೆರುಸಲೇಮ್

ನಾನು ಒಂಬತ್ತನೆಯ ತರಗತಿಯಲ್ಲಿದ್ದ 1984ರಲ್ಲಿ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಕೆರೆಯಿಂದ ಜೇಡಿಮಣ್ಣು ತರಿಸಿ, ಹಳೆಯ ಬಾಗಿಲಿನ ಹಲಗೆಯೊಂದರ ಮೇಲೆ ಪ್ಯಾಲೆಸ್ತೀನ್ ನಾಡಿನ ಉಬ್ಬುನಕ್ಷೆಯನ್ನು ನಮ್ಮ ಕೈಯಿಂದಲೇ ಮಾಡಿಸಿದರು. ಯೆಹೂದಿ ಮತ್ತು ಕ್ರೈಸ್ತ ಧರ್ಮಗಳ ಉಗಮದ ಪಾಠಕ್ಕೆ ಅವರು ಎರಡು ವಾರ ತೆಗೆದುಕೊಂಡದ್ದರಿಂದ, ಆ ವರ್ಷ ಫ್ರಾನ್ಸಿನ ಕ್ರಾಂತಿ ನಮಗೆ ಒಂದೇ ತಾಸಿನಲ್ಲಿ ಮುಗಿದುಹೋಯಿತು.

ಹಲಗೆಯ ಪಡುವಣಕ್ಕೆ ಮೆಡಿಟರೇನಿಯನ್ ಸಮುದ್ರ, ನಡುವೆ ಬೆಟ್ಟಸಾಲು, ಮೂಡಣಕ್ಕೆ ಜೋರ್ಡಾನ್ ನದಿಯ ಆಳವಾದ ಕಣಿವೆ. ಚಳಿಗಾಲದಲ್ಲಿ ಸಮುದ್ರದಿಂದ ಬರುವ ಮೋಡಗಳು ಬೆಟ್ಟದ ಈಚೆಗೇ ಮಳೆ ಸುರಿಸಿಬಿಡುವುದರಿಂದ ಆಚೆಯ ಇಳಿಜಾರು ಮರುಭೂಮಿಯಾಗಿದೆ ಎಂಬುದನ್ನು ಬಯಲುಸೀಮೆಯ ಮಕ್ಕಳಾದ ನಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. "ಆಗುಂಬೆಯಲ್ಲಿ ಸುರಿದ ಮೋಡ ನಮ್ಮೂರಿಗೆ ಬರೀ ನೆರಳು ತರುತ್ತದಲ್ಲ, ಅಲ್ಲಿಯೂ ಹಾಗೆಯೇ ಕಣ್ರಯ್ಯ" ಎಂದರು ಮೇಷ್ಟ್ರು.

ಜೆರುಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ 25 ಕಿಲೋಮೀಟರ್ ಆಸುಪಾಸಿನಲ್ಲಿರುವ ಜೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ಬೈಬಲಿನಲ್ಲಿ ಯೇಸು ಹೇಳುವ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ, ಕಳ್ಳರ ಕೈಗೆ ಸಿಕ್ಕ ಪ್ರಯಾಣಿಕನು ಜೆರುಸಲೇಮಿನಿಂದ ಜೆರಿಕೋಗೆ "ಇಳಿದು" ಹೋಗುತ್ತಿದ್ದ ಎಂದಿರುವುದು ಮಾತಿನ ಅಲಂಕಾರವಲ್ಲ, ನೆಲದ ಲೆಕ್ಕ ಎಂದು ತಿಳಿದಾಗ ನನಗೆ ರೋಮಾಂಚನವಾಗಿತ್ತು. ನಿರ್ಜನವಾದ ಆ ಕಡಿದಾದ ದಾರಿಯಲ್ಲಿ ಕಳ್ಳರು ಹೊಂಚು ಹಾಕುವುದು ಸುಲಭವಾಗಿತ್ತು. ಬೈಬಲಿನ ಕೀರ್ತನೆಗಳಲ್ಲಿ 120ರಿಂದ 134ರವರೆಗಿನ ಹದಿನೈದನ್ನು ಜನ ಜೆರುಸಲೇಮಿನ ಬೆಟ್ಟ ಹತ್ತುತ್ತ ಹಾಡುತ್ತಿದ್ದರೆಂಬ ನಂಬಿಕೆಯೂ ಇದೇ ಏರಿಳಿತದ್ದು.

ನೀರಿನ ಪಾಠವೇ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿರುವುದು. ಆ ಪುಣ್ಯನಗರಕ್ಕಿದ್ದ, ಎಂದೂ ಬತ್ತದ ನೀರಿನ ಬುಗ್ಗೆ ಗೀಹೋನ್ ಒಂದೇ, ಅದೂ ಬೆಟ್ಟದ ಬುಡದಲ್ಲಿ. ಅಸ್ಸೀರಿಯಾದ ಸೇನೆ ಕ್ರಿ.ಪೂ. 701ರಲ್ಲಿ ಏರಿಬಂದ ಕಾಲಕ್ಕೆ, ಆ ನೀರನ್ನು ಊರೊಳಕ್ಕೆ ತರಲು ಅಲ್ಲಿನ ಅರಸ ಹಿಜ್ಕೀಯನು ಬಂಡೆಯೊಳಗೆ 533 ಮೀಟರ್ ಉದ್ದದ ಸುರಂಗ ಕೊರೆಸಿದನೆಂದು ಹೇಳುತ್ತಾರೆ. ಎರಡು ತುದಿಗಳಿಂದ ಕೊರೆಯುತ್ತ ಬಂದವರಿಗೆ ಕಲ್ಲಿನಾಚೆಯಿಂದ ಪರಸ್ಪರರ ದನಿ ಕೇಳಿಸಿತೆಂದು ಒಳಗೆ ದೊರೆತ ಶಾಸನದಲ್ಲಿಯೇ ಬರೆದಿದೆ. ನಾವೂ ಹಂಚಿಕಡ್ಡಿಗಳಿಂದ ಜೇಡಿಮಣ್ಣನ್ನು ಎರಡೂ ಕಡೆಯಿಂದ ತೂತು ಮಾಡಿದೆವು. ನಮ್ಮ ತೂತುಗಳು ಸೇರಲೇ ಇಲ್ಲ, ಬೆಟ್ಟ ಮಾತ್ರ ಕುಸಿಯಿತು.

1947ರಿಂದೀಚೆಗೆ ಮೃತ ಸಮುದ್ರದ ದಡದ ಕುಮ್ರಾನಿನ ಗುಹೆಗಳಲ್ಲಿ ದೊರೆತ, ಬೈಬಲಿನ ಭಾಗಗಳೂ ಇರುವ ಸುಮಾರು ಎರಡು ಸಾವಿರ ವರ್ಷ ಹಳೆಯ ಚರ್ಮದ ಸುರುಳಿಗಳು ಉಳಿದುಬಂದದ್ದು ಆ ಮಳೆಯಿಲ್ಲದ ಇಳಿಜಾರಿನ ಒಣಹವೆಯಿಂದಲೇ. ದೇವರ ಮಾತನ್ನು ಬರವೇ ಕಾಪಾಡಿತು ಎಂದು ಮೇಷ್ಟ್ರು ನಕ್ಕಿದ್ದರು.

ಜೋರ್ಡಾನ್ ನದಿ ಹೋಗಿ ಸೇರುವ ಆ ಮೃತ ಸಮುದ್ರದ ನೀರು ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರ್ ಕೆಳಗೆ ಎಂದು ನನ್ನ ಅಂದಿನ ನೋಟ್‌ಬುಕ್ಕಿನಲ್ಲಿದೆ. ಯೇಸು ದೀಕ್ಷಾಸ್ನಾನ ಪಡೆದನೆನ್ನುವ ಜೋರ್ಡಾನ್ ನದಿಯ ನೀರನ್ನು ಅಲ್ಲಿನ ದೇಶಗಳು ಮೇಲೆಯೇ ತಿರುಗಿಸಿಕೊಳ್ಳುವುದರಿಂದ ಮೃತ ಸಮುದ್ರ ಈಗ 430 ಮೀಟರನ್ನೂ ದಾಟಿ ಇಳಿದಿದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದ ಆ ಉತ್ತರ ಇಂದು ತಪ್ಪು.